ಅವ್ವ ಎನ್ನಲು ಒತ್ತು ಎಲ್ಲಿ

ಕೊಳ್ಳೇಗಾಲ
೧೦ ಫೆಬ್ರವರಿ ೧೯೪೬

ಪ್ರೀತಿಯ ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ಶರಣಾರ್ಥಿಗಳು.

ಮೊಣಕಾಲು ನೋವು ಹೇಗಿದೆ? ಈ ಚಳಿಯಲ್ಲಿ ಬೆಳಗಾಗುವ ಮೊದಲೇ ಹೊಲಕ್ಕೆ ಹೋಗಬೇಡಿ. ಹೇಳಿದರೆ ಕೇಳುವವರಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ರಾಮಾಪುರದಿಂದ ಕಳಿಸಿದ ಹುಣಿಸೆಹಣ್ಣು ತಲುಪಿತೆಂದು ಅವ್ವನಿಗೆ ತಿಳಿಸಿ.

ನಿಮ್ಮ ಅಳಿಯಂದಿರು ಇಟಲಿಯ ಯುದ್ಧದಿಂದ ಬಂದಾಗಿನಿಂದ ನನಗೆ ನೆಮ್ಮದಿಯಿಲ್ಲ. ಮೈಮೇಲೆ ಗಾಯವೇನೂ ಕಾಣುವುದಿಲ್ಲ. ಇವರ ಲಾರಿಯ ಪಕ್ಕದಲ್ಲೇ ಬಾಂಬು ಸಿಡಿದಾಗ ಮಾತು ಕಟ್ಟಿತಂತೆ. ಈಗಲೂ ಬಾಯಿ ತೆರೆದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಕುತ್ತಿಗೆಯ ನರ ಉಬ್ಬುತ್ತದೆ. ಬೇಕಾದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ. ಆದರೆ ಇಟಲಿಯ ಕೆಲವು ಮಾತುಗಳು ತಡೆಯಿಲ್ಲದೆ ಬರುತ್ತವೆ. ಅದನ್ನು ಕೇಳಿಯೇ ಬೀದಿಯವರು ಗಾಳಿ ಮೆಟ್ಟಿದೆ ಎನ್ನುತ್ತಿರುವುದು. ನಿಮ್ಮ ಕಿವಿಗೆ ಬಿದ್ದಿರುವುದೂ ಅದೇ.

ಗಾಳಿಯಲ್ಲ ಅಪ್ಪ. ನಾಪೊಲಿ ಎಂಬ ಊರಿನ ಆಸ್ಪತ್ರೆಯಲ್ಲಿ ಇವರನ್ನು ಇಟ್ಟಿದ್ದರು. ಅಲ್ಲಿಗೆ ಬರುತ್ತಿದ್ದ ಒಬ್ಬ ಮೇಷ್ಟ್ರು ಕಲಿಸಿದ್ದು. ಮಾತನ್ನು ತುಂಡು ಮಾಡಿ ಒಂದು ತುಂಡಿನ ಮೇಲೆ ಮಾತ್ರ ಭಾರ ಹಾಕಬೇಕು, ಅಂಗೈಯನ್ನೂ ಆಗಲೇ ಒತ್ತಬೇಕು. ಉಳಿದವು ತಾವಾಗಿ ಬರುತ್ತವೆ. ನಾ-ಪೊ-ಲಿ ಎಂದರೆ ಮೊದಲಲ್ಲಿ ಒತ್ತು. ನಾಳೆ ಎನ್ನಲು ದೊ-ಮಾ-ನಿ, ನಡುವೆ. ಪಟ್ಟಣಕ್ಕೆ ಚಿತ್-ತಾ, ಕೊನೆಯಲ್ಲಿ. ನಮ್ಮ ಮಾತಿಗೂ ಹೀಗೇ ಮಾಡೋಣವೆಂದರೆ ಕನ್ನಡದಲ್ಲಿ ಒತ್ತು ಎಲ್ಲಿದೆ? ನಾವು ಎಲ್ಲವನ್ನೂ ಒಂದೇ ಸಮ ಹೇಳಿಬಿಡುತ್ತೇವೆ. ಮೊದಲಲ್ಲಿ ಒತ್ತಿ ನೋಡಿದೆವು. ನೀರು ಬಂತು, ಅನ್ನ ಬರಲಿಲ್ಲ.

ಹೋದ ತಿಂಗಳು ಅತ್ತೆ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಾಗ, ಅವ್ವ ಎನ್ನುವುದನ್ನು ಆ ಚಿತ್ತಾದ ಹಾಗೆ ಎರಡಾಗಿ ಒಡೆದು, ಇವರ ಅಂಗೈಯನ್ನು ಕೊನೆಯಲ್ಲಿ ಒತ್ತಿದೆ. "ಅವ್-ವಾ" ಎಂದರು. ಕೂಗಿದ ಹಾಗಿತ್ತು. ಅತ್ತೆ ಮುದ್ದೆಕೋಲು ಹಿಡಿದುಕೊಂಡೇ ಓಡಿಬಂದು, "ಇನ್ನೊಂದ್ ಕಿತ ಅನ್ನಪ್ಪ" ಎಂದರು. ಬರಲಿಲ್ಲ. ಇವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅತ್ತೆ "ಓಗ್ಲಿ ಬುಡು, ನಂಗೆ ಕೇಳುಸ್ತು" ಎಂದು ಒಳಗೆ ಹೋದರು. ಅವತ್ತಿನ ಮುದ್ದೆ ತಳ ಹಿಡಿದಿತ್ತು. ಅದನ್ನೇ ಉಂಡೆವು.

ಆಮೇಲೆ ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ. ಪೂರ್ತಿ ವಾಸಿಯಾಗುತ್ತದೆಂದು ನಿಮಗೆ ಮಾತು ಕೊಡಲಾರೆ. ನನ್ನ ಹೆಸರು ಇನ್ನೂ ಬಂದಿಲ್ಲ. ಎಲ್ಲಿ ಒತ್ತಿದರೂ ಸಿಕ್ಕಿಕೊಳ್ಳುತ್ತದೆ. ಅದರಿಂದ ನನಗೇನೂ ಬೇಜಾರಿಲ್ಲವೆಂದರೆ ಸುಳ್ಳಾಗುತ್ತದೆ.

ಅವ್ವನಿಗೂ ಅತ್ತಿಗೆಗೂ ನನ್ನ ಶರಣು. ಅಣ್ಣನ ಮಕ್ಕಳನ್ನು ಕೇಳಿದೆನೆಂದು ಹೇಳಿ.

ನಿಮ್ಮ ಮಗಳು,
ಚನ್ನಾಜಮ್ಮ

ತಾ.ಕ.: ಟಪಾಲಿಗೆ ಹೊತ್ತಾಯಿತು. ನನ್ನನ್ನು ತವರಿಗೆ ಕರೆತಂದು ಇಟ್ಟುಕೊಳ್ಳುತ್ತೇನೆ, ಅಣ್ಣನನ್ನು ಕಳಿಸುತ್ತೇನೆ ಎಂದು ಹೇಳಿಕಳಿಸಿದ್ದೀರಿ. ಕಳಿಸಬೇಡಿ. ಕಳಿಸಲೇಬೇಕೆಂದರೆ, ವಾಪಸು ಬರುವಾಗ ಬಸ್ಸಿನಲ್ಲಿ ಮೂವರಿಗೆ ಜಾಗ ಹಿಡಿಯಬೇಕೆಂದು ಅಣ್ಣನಿಗೆ ಹೇಳಿ.