ಅಜ್ಜಿಯ ಹೆಸರಿದ್ದ ಹೂದಾನಿ

ಕ್ಯಾಲೆಬಣ್ಣಾ,

ನಿನ್ನನ್ನು ಹೂಳಿ ಇವತ್ತಿಗೆ ಒಂದು ವರ್ಷ. ಸಂತಪುರದ ಚರ್ಚಿನಲ್ಲಿ ನಿನ್ನ ನೆನಪಿನ ಪ್ರಾರ್ಥನೆಗೆಂದು ನಿನ್ನ ಹೆಂಡತಿ ಸ್ವೀಟಿ ವೈನಿ ಆ ಹೂದಾನಿಯ ತುಂಬ ಸೇವಂತಿಗೆ ಇಟ್ಟಿದ್ದಳು. ಪ್ರಾರ್ಥನೆ ಮುಗಿಯುತ್ತಲೇ ನಾನು ಎಲ್ಲರೆದುರು ಎದ್ದು ಹೋಗಿ, ಹೂವನ್ನೆಲ್ಲ ತೆಗೆದು ಮೇಜಿನ ಮೇಲೆ ಹಾಕಿ, ಹೂದಾನಿ ಎತ್ತಿಕೊಂಡು ಹೊರಬಂದೆ.

ಬರ್ಮಾ ಯುದ್ಧದಲ್ಲಿ ಮತ್ತಾಯ ಅಜ್ಜ ಅದನ್ನು ತೋಪಿನ ಗುಂಡಿನ ಖಾಲಿ ಹಿತ್ತಾಳೆ ಕವಚದಿಂದ ತಟ್ಟಿ ತಟ್ಟಿ ಮಾಡಿದ್ದ. ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು ಬರೆದಿದ್ದ. ನೀನು ಭಾಲ್ಕಿಗೆ ಒಯ್ದು, 'ಆನಂದಮ್ಮ' ಎಂಬುದನ್ನು ಉಜ್ಜಿಸಿ, ನಿನ್ನ ಹೆಸರು ಕೆತ್ತಿಸಿ ಚರ್ಚಿಗೆ ದಾನ ಕೊಟ್ಟೆ. ಸಾಯುವ ವಾರ ಅವ್ವ, ಅಳಿಸಿದ್ದು ಗೊತ್ತಿಲ್ಲದೆ, ತನ್ನ ತಾಯಿಯ ಹೆಸರನ್ನೊಮ್ಮೆ ಮುಟ್ಟಿ ನೋಡಬೇಕೆಂದಳು. "ಅದೀಗ ದೇವರ ಸಾಮಾನು ಅದ," ಎಂದುಬಿಟ್ಟೆ ನೀನು.

ಚರ್ಚಿನಿಂದ ನೆಟ್ಟಗೆ ಔರಾದಿಗೆ ಹೋದೆ. ಪಾತ್ರೆ ಅಂಗಡಿಯವನು, "ಈ ಕ್ಯಾಲೆಬ ಯಾರ್ರಿ?" ಎಂದ.

"ಯಾರೂ ಅಲ್ಲರಿ. ತಿಕ್ಕಿ ತೆಗೀರಿ."

ನಿನ್ನ ಒಂದೊಂದೇ ಅಕ್ಷರ ಅಳಿಯುವುದನ್ನು ಎದುರಿಗೇ ಕೂತು ನೋಡಿದೆ. ಅಷ್ಟು ಹಾಯೆನಿಸಿ ಎಷ್ಟು ದಿನವಾಗಿತ್ತೋ. ಅದೇ ಜಾಗದಲ್ಲಿ ಅಜ್ಜಿಯ ಹೆಸರು ಕೆತ್ತಿಸಿದೆ.

ಸಂಜೆ ವೈನಿ ಮನೆಗೆ ಬಂದಳು. ಬೈಯುತ್ತಾಳೆಂದುಕೊಂಡಿದ್ದೆ.

"ನಿಮ್ಮಣ್ಣ ಕಡೀ ದಿನಗಳಾಗ ದವಾಖಾನಿಯಿಂದ ನಿನಗ ಮೂರು ಸಲ ಫೋನ್ ಹಚ್ಚಿದ್ರು, ಏಂಜಲಿನಾ. ನನ್ನ ಹೆಸರು ಅಳಿಸಿ ಅಜ್ಜಿದು ಹಾಕಸು ಅಂತ ಹೇಳಲಿಕ್ಕ."

ಮೂರು ಸಲವೂ ನಾನು ನಿನ್ನ ಹೆಸರು ನೋಡಿಯೇ ಫೋನು ಬೋರಲು ಹಾಕಿದ್ದೆ. ವೈನಿಗೆ ಅದನ್ನು ಹೇಳಲಿಲ್ಲ. ಚಹಾ ಮಾಡಿ ಕೊಟ್ಟೆ.

ಆದರೆ ಒಂದು ತಿಳಿದುಕೋ, ಅಣ್ಣಾ. ನೀನು ಹೇಳಿದ್ದಕ್ಕೆ ಅಳಿಸಿದ್ದಲ್ಲ. ನಾನೇ ಅಳಿಸಿದ್ದು.