ರುದ್ರವ್ವನ ಒಪ್ಪಿಗೆಯ ಗುಂಡಿ ಒತ್ತಿದವರು ಯಾರು?

ಚಾಳು ಪುನರ್ನಿರ್ಮಾಣ ಕಚೇರಿಯ ಮಾನ್ಯ ಅಧಿಕಾರಿಗಳೇ,

ಮುಂಬಯಿಯ ಜೋಗೇಶ್ವರಿಯ ನಮ್ಮ ಚಾಳಿನ ರುದ್ರವ್ವ ತಾನಿರುವ ಒಂದೇ ಕೋಣೆಯ ಖೋಲಿ ಕೆಡವಲು ಒಪ್ಪಿಗೆ ಕೊಟ್ಟಿಲ್ಲ. ನಿಮ್ಮ ವೆಬ್‌ಸೈಟ್ ಮಾತ್ರ ಆಕೆ ಒಪ್ಪಿದ್ದಾಳೆ ಎನ್ನುತ್ತಿದೆ. ತಕರಾರು ಕೊಟ್ಟರೆ ನೀವು ಬರೆದ ಉತ್ತರ ಒಂದೇ ಸಾಲು: "ಪಾಸ್‌ವರ್ಡ್ ಆಕೆಯೊಬ್ಬಳಿಗೇ ಗೊತ್ತಿತ್ತು, ಆದ್ದರಿಂದ ಒಪ್ಪಿಗೆ ಆಕೆಯದೇ." ಆಹಾ, ಎಂಥ ತರ್ಕ! ಗುರುವಾರ ವಿಚಾರಣೆ. ಅಲ್ಲಿಯವರೆಗೆ ಸುಮ್ಮನಿರಲು ನನ್ನಿಂದಾಗದು, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಆ ಖಾತೆ ತೆರೆದುಕೊಟ್ಟವನು ಪಕ್ಕದ ಖೋಲಿಯ ನಾನೇ. ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ದೊಡ್ಡಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು ಎಂದು ನಿಮ್ಮ ವೆಬ್‌ಸೈಟ್ ನಮ್ಮನ್ನು ಮೂರು ಸಲ ಹಿಂದಕ್ಕಟ್ಟಿತು. ಯಾವ ಪದ ಇಡಲಿ ಎಂದು ಕೇಳಿದರೆ ರುದ್ರವ್ವ ಬಾಯಿ ಬಿಡಲಿಲ್ಲ; ರೇಷನ್ ಕಾರ್ಡ್ ತಂದು ತೀರಿಹೋದ ಗಂಡನ ಹೆಸರಿನ ಮೇಲೆ ಬೆರಳಿಟ್ಟಳು. "ಅವ್ರ ಹೆಸ್ರು ನಾ ಒಂದಿನಾನೂ ಬಾಯಾಗ ತಂದಾಕಿ ಅಲ್ಲ, ಶಶಿ. ನಾ ಹೇಳಲಿಲ್ಲಂದ್ರ ಯಾರಿಗೆ ಗೊತ್ತಾಗ್ತೈತಿ?" ಊಹಿಸಲು ಸುಲಭದ ಪದ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು.

ಕೊನೆಯ ಚಿಹ್ನೆ ಮರೆತು ಆಕೆ ನಿಮ್ಮ ಕೌಂಟರಿಗೆ ಬಂದಳು. ಗುಮಾಸ್ತರು ಕಂಪ್ಯೂಟರ್ ತೆರೆ ನೋಡಿ, "ಅರೇ ಮೌಸಿ, ಯೇ ರಹಾ ಆಪ್‌ಕಾ ಪಾಸ್‌ವರ್ಡ್" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದರು. ನಲವತ್ತು ವರ್ಷ ಆಕೆ ಆಡದ ಹೆಸರನ್ನು! "ಯಹೀ ಹೈ ನಾ? ಬೋಲೋ" ಎಂದು ಆಕೆಯ ಬಾಯಿಂದಲೂ ಅದನ್ನೇ ಹೇಳಿಸಹೊರಟಾಗ ಆಕೆ ಬಾಯಿಗೆ ಸೆರಗಿಟ್ಟು ತಲೆಯಾಡಿಸಿದಳಂತೆ. ವಾರದೊಳಗೆ ಒಪ್ಪಿಗೆ ದಾಖಲಾಯಿತು. ಗುಂಡಿ ಒತ್ತಿದ್ದು ಸಾಲಿನಲ್ಲಿದ್ದವರೋ, ಕುರ್ಚಿಯಲ್ಲಿದ್ದವರೋ?

ಮಾನ್ಯರೇ, ನಿಮ್ಮ ಗುಮಾಸ್ತರಿಗೆ ಅದು ಕಂಡದ್ದಾದರೂ ಹೇಗೆ? ಪಾಸ್‌ವರ್ಡನ್ನು ಇದ್ದ ಹಾಗೇ ಕೂಡಿಡಬಾರದು. ಒಬ್ಬೊಬ್ಬರದಕ್ಕೂ ಬೇರೆ ಬೇರೆ ಅಕ್ಷರ ಬೆರೆಸಿ, ಮರಳಿ ಓದಲಾಗದಂತೆ ಬೀಸಿ ಇಡಬೇಕು. ಹಿಟ್ಟು ಮತ್ತೆ ಜೋಳವಾಗುವುದಿಲ್ಲ. ಮರೆತವರಿಗೆ ಹೊಸದನ್ನು ಇಟ್ಟುಕೊಳ್ಳಲು ದಾರಿ ಕೊಡಬೇಕೇ ಹೊರತು ಹಳೆಯದನ್ನು ಓದಿ ಹೇಳುವುದಲ್ಲ. ನಮ್ಮ ಎರಡನೇ ವರ್ಷದ ವಿದ್ಯಾರ್ಥಿಗಳಿಗೂ ಇದು ಗೊತ್ತು. ಮುಂಬಾಗಿಲಲ್ಲಿ ಅಷ್ಟೊಂದು ಕಟ್ಟುನಿಟ್ಟು ಮಾಡಿ ಒಳಗೆ ಎಲ್ಲವನ್ನೂ ಹರವಿಟ್ಟರೆ ಅದು ಯಾವ ಸೀಮೆಯ ಭದ್ರತೆ? ಖೋಲಿ ಹೋದರೆ ಆಕೆ ದೂರದ ಕಾಂದಿವಲಿಯ ತಾತ್ಕಾಲಿಕ ವಸತಿಗೆ, ಆ ಟ್ರಾನ್ಸಿಟ್ ಕ್ಯಾಂಪಿಗೆ, ಹೋಗಬೇಕು. ರೊಟ್ಟಿ ಬಡಿದು ಬದುಕುವ ಆಕೆಯ ಗಿರಾಕಿಗಳೆಲ್ಲ ಇಲ್ಲಿದ್ದಾರೆ.

ಆ ಒಪ್ಪಿಗೆ ರದ್ದಾಗಬೇಕು. ನಮ್ಮ ಪಾಸ್‌ವರ್ಡ್‌ಗಳು ನಿಮಗೂ ಓದಲಾಗದಂತಿರಬೇಕು. ಇನ್ನೊಂದು ಮಾತು. ಗುರುತು ಸಾಬೀತುಪಡಿಸಲು ಆಕೆ ವಿಚಾರಣೆಯಲ್ಲಿ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳಬೇಕೆಂದು ನಿಮ್ಮ ನೋಟಿಸಿನಲ್ಲಿದೆ. ಆಕೆ ಹೇಳುವುದಿಲ್ಲ. ಹೇಗೂ ನಿಮ್ಮ ತೆರೆಯ ಮೇಲಿದೆಯಲ್ಲ, ನೀವೇ ಓದಿಕೊಳ್ಳಿ.

ಇಂತಿ,
ತನ್ನ ಪಾಸ್‌ವರ್ಡ್ ಕೂಡ ನಿಮಗೆ ಕಾಣುತ್ತದೆಂದು ಗೊತ್ತಿದ್ದೂ ಸಹಿ ಹಾಕುತ್ತಿರುವ
ಶಶಿಕಾಂತ, ಖೋಲಿ ನಂಬರ್ ಒಂಬತ್ತು