ಉಸಿರೆತ್ತಬೇಡ

ಮಾರ್ಚ್ 4, ಬೆಳಿಗ್ಗೆ 7

ಇವತ್ತೂ ಹತ್ತೇ ನಿಮಿಷ. ಇಪ್ಪತ್ತು ಕೂರಬೇಕಂತೆ. ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಅನ್ನುತ್ತಾರೆ ಡಾಕ್ಟರಮ್ಮ. ಗಮನಿಸಿದರೆ ಕೇಳುವುದು ನಮ್ಮ ಸ್ಟೇಷನ್ನಿನ ಉದ್ದಣ್ಣನ ಉಸಿರು — ವಾಕಿಟಾಕಿಯಲ್ಲಿ, ಮಾಸ್ಕಿನೊಳಗಿಂದ. ಗೋಡೌನಿನ ಬೆಂಕಿಯಲ್ಲಿ ಅವನು ಹೋಗಿ ಏಳು ತಿಂಗಳು. ನಾನು ಫೈರ್ ಸ್ಟೇಷನ್ ಮೆಟ್ಟಿಲು ಹತ್ತಿಯೂ ಅಷ್ಟೇ ಆಯಿತು. ನನ್ನ ಗಾಡಿ ಈಗ ಯಾರು ಓಡಿಸುತ್ತಿದ್ದಾರೋ... ಕ್ಲಚ್ ಸುಟ್ಟಿರುತ್ತಾರೆ.

ಮಾರ್ಚ್ 6

ಇದೊಂದು ಸ್ಟಡಿ. ಚೀಟಿ ಎತ್ತಿ ಎರಡು ಗುಂಪು ಮಾಡಿದ್ದಾರೆ. ನಮ್ಮದು ಧ್ಯಾನ. ಪಕ್ಕದ ರೂಮಿನವರು ನಡೆದದ್ದನ್ನು ಬಾಯಿಬಿಟ್ಟು ಹೇಳಬೇಕು, ವಾರಕ್ಕೆರಡು ಸಲ ಅದನ್ನೇ. ಯಾವುದು ಮೇಲು ಅಂತ ಕೇಳಿದೆ. ಗೊತ್ತಿದ್ದರೆ ಚೀಟಿ ಯಾಕೆ ಎತ್ತುತ್ತಿದ್ದೆವು ಅಂದರು ಡಾಕ್ಟರಮ್ಮ. ಜೀವಮಾನವೆಲ್ಲ ಸೈರನ್ ಹಾಕಿಕೊಂಡು ಓಡಿದವನ ಹಣೆಯಲ್ಲಿ ಸುಮ್ಮನೆ ಕೂರುವುದು ಬರೆದಿದೆ.

ಮಾರ್ಚ್ 7, ಸಂಜೆ

ಅತ್ತಿಗೆ ಫೋನ್. ಎತ್ತಲಿಲ್ಲ. ಕೇಳುವುದು ಒಂದೇ — ಕೊನೆಗೆ ಅವರು ಏನಂದರು? ಉದ್ದಣ್ಣನ ಹೆಂಡತಿಗಲ್ಲದೆ ಇನ್ಯಾರಿಗಿದೆ ಕೇಳುವ ಹಕ್ಕು? ಅವನಿದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದ. ಬಂದು ಹಿಂಡಲಿ ಅನ್ನಿಸುತ್ತದೆ. ಒಂದೇ ಒಂದು ಸಲ.

ಮಾರ್ಚ್ 20

ಏನೂ ಬರೆದಿಲ್ಲ ಇಷ್ಟು ದಿನ. ಕೂತೆ, ಎದ್ದೆ, ಕೂತೆ. ಕ್ಯಾಂಟೀನಿನಲ್ಲಿ ಪಕ್ಕದ ರೂಮಿನ ಲಾರಿ ಡ್ರೈವರ್ ಸಿಕ್ಕ. ಆರು ಸಲ ಹೇಳಿದ್ದಾನಂತೆ ತನ್ನ ಆಕ್ಸಿಡೆಂಟ್. ಮೊದಲ ಸಲ ವಾಂತಿ ಬಂತಂತೆ, ಈಗ ನಿದ್ದೆ ಬರುತ್ತದಂತೆ. ಹೊಟ್ಟೆಕಿಚ್ಚಾಯಿತು. ನೇರ ಹೋಗಿ ಗುಂಪು ಬದಲಿಸಿ ಅಂದೆ.

"ನೀವು ಯಾರಿಗೆ ಹೇಳ್ಬೇಕು? ನನಗಾ?" ಅಂದರು ಡಾಕ್ಟರಮ್ಮ.

ಉತ್ತರ ಗೊತ್ತಿತ್ತು. ಎದ್ದು ಧ್ಯಾನದ ರೂಮಿಗೇ ವಾಪಸ್ ಹೋದೆ.

ಮಾರ್ಚ್ 29, ಬೆಳಿಗ್ಗೆ

ಇಪ್ಪತ್ತು ನಿಮಿಷ. ಮೊದಲ ಸಲ. ಎದ್ದು ಓಡದೆ ಪೂರ್ತಿ ಕೇಳಿಸಿಕೊಂಡೆ.

ಗೋಡೌನಿನ ಹೊಗೆ. ನಾನು ಹೊರಗೆ, ಪಂಪಿನ ಹತ್ತಿರ. ಒಳಗಿಂದ ಉದ್ದಣ್ಣ — "ನನ್ನ ಟೀ ಮುಚ್ಚಿಡೋ." ಅವನ ಬೆನ್ನಿನ ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತಾ ಬಂದಿತ್ತು. ಮಾತಾಡಿ ಗಾಳಿ ಕಳೆಯಬೇಡ ಅನ್ನುವ ಅರ್ಥದಲ್ಲಿ ನಾನೇ ಅಂದೆ, "ಹೊರಗೆ ಬರೋವರೆಗೂ ಉಸಿರೆತ್ತಬೇಡ."

ಆಮೇಲೆ ಅವನು ಮಾತಾಡಲಿಲ್ಲ. ಹೇಳಿದ ಮಾತು ಕೇಳುತ್ತಿದ್ದಾನೆ ಅಂದುಕೊಂಡೆ. ನಾಲ್ಕು ನಿಮಿಷ ಹಾಗೇ ಅಂದುಕೊಂಡೆ. ಯಾರನ್ನೂ ಒಳಗೆ ಕಳಿಸಲಿಲ್ಲ.

ಅವತ್ತಿನಿಂದ ನಾನೂ ಯಾರ ಮುಂದೂ ಉಸಿರೆತ್ತಿಲ್ಲ. ಧ್ಯಾನದಿಂದ ಮರೆಯಬಹುದು ಅಂದುಕೊಂಡಿದ್ದೆ. ಅದು ನನ್ನನ್ನು ಕೂರಿಸಿತು, ಅಷ್ಟೇ. ಹೇಳುವುದು ಇನ್ನೂ ಬಾಕಿ ಇದೆ.

ಮಾರ್ಚ್ 30, ಸಂಜೆ 5

ಅತ್ತಿಗೆ ಮನೆ. ಬಾಗಿಲಲ್ಲಿ ಅವನ ಚಪ್ಪಲಿ, ದೋಣಿಯಷ್ಟುದ್ದ. ಅತ್ತಿಗೆ ಒಳಗಿದ್ದಾರೆ. ಅವರು ಬರುವವರೆಗೆ ಬರೆಯುತ್ತಿದ್ದೇನೆ. ಎಲ್ಲ ಕೇಳಿದ ಮೇಲೆ ಈ ಬಾಗಿಲು ನನಗೆ ತೆರೆದಿರುತ್ತದೋ ಇಲ್ಲವೋ.

ಟೀ ತಂದಿಟ್ಟರು. ಲೋಟದ ಮೇಲೆ ತಟ್ಟೆ ಮುಚ್ಚಿದರು. ಈ ಮನೆಯಲ್ಲಿ ಹಾಗಂತೆ — ಮಾತು ಮುಗಿಯುವವರೆಗೂ ಟೀ ಮುಚ್ಚಿಡುವುದು.

"ಬರೆದಿದ್ದು ಸಾಕು. ಬಾಯಲ್ಲಿ ಹೇಳು," ಅಂದರು. ಎದುರಿಗೇ ಕೂತಿದ್ದಾರೆ.

ತಟ್ಟೆಯಿಂದಲೇ ಶುರು ಮಾಡುತ್ತೇನೆ. ಅತ್ತಿಗೆ, ಅವನು ಅಂದದ್ದು —